ಲಿವರ್ ಎಳೆಯದ ಹೆಬ್ಬೆರಳು

"ಆಟಿಕೆ ಅಂತ ಬರೆದಿದ್ದೀರಲ್ಲ ಸಾರ್, ಇದನ್ನ ಒಂದು ಸಲನಾದ್ರೂ ಕೈಯಲ್ಲಿ ಹಿಡಿದು ನೋಡಿದ್ರಾ?"

ಸ್ಕ್ರೂ ಅಕ್ಕ ವರದಿಯನ್ನು ಪೊಲೀಸ್ ಪ್ರಯೋಗಾಲಯದ ತಜ್ಞರ ಮೇಜಿನ ಮೇಲೆ ಬಡಿದ ರಭಸಕ್ಕೆ ಪೆನ್ನಿನ ಡಬ್ಬಿ ಮಗುಚಿಕೊಂಡಿತು. ತಜ್ಞರು ಉರುಳಿದ ಪೆನ್ನುಗಳನ್ನು ಒಂದೊಂದಾಗಿ ಹೆಕ್ಕಿ, ಮೊದಲಿದ್ದ ಹಾಗೇ ಜೋಡಿಸಿಟ್ಟು, ಆಮೇಲೆ ತಲೆಯೆತ್ತಿದರು. ವರದಿ ಬರೆಯುವಾಗ ಇದರ ಅರ್ಧದಷ್ಟು ಶ್ರದ್ಧೆ ತೋರಿಸಿದ್ದರೂ ಅವಳು ಇವತ್ತು ಇಲ್ಲಿಗೆ ಬರಬೇಕಾಗಿರಲಿಲ್ಲ.

ಪರೀಕ್ಷೆಯ ಪ್ರಶ್ನೆಪತ್ರಿಕೆ ಬಯಲಾದ ಮಂಗಳವಾರ ಸಂಜೆಯೇ ಪೊಲೀಸರು ಅವಳ ಚಿಕ್ಕಪ್ಪನನ್ನು ಅನುಮಾನದ ಮೇಲೆ ಮನೆಯಿಂದ ಕರೆದೊಯ್ದಿದ್ದರು. ಇವತ್ತಿಗೆ ಆರು ದಿನ. ನಾಳೆ ಮತ್ತೆ ಕೋರ್ಟಿನಲ್ಲಿ ನಿಲ್ಲಿಸುತ್ತಾರೆ. ಅವರ ವಿರುದ್ಧ ಪೊಲೀಸರ ಕೈಯಲ್ಲಿ ಇದ್ದದ್ದು ಒಂದು ಪುಟ್ಟ ಕ್ಯಾಮೆರಾ, ಅದರ ಬಗ್ಗೆ ಈ ತಜ್ಞರು ಗೀಚಿದ ಮೂರು ಸಾಲು, ಅಷ್ಟೇ.

"ಮೇಡಂ, ಇವರು ನನ್ನ ಕೋಣೆಯಲ್ಲಿ ಕೂಗಾಡ್ತಿದ್ದಾರೆ," ಎಂದರು ತಜ್ಞರು.

ಕಿಟಕಿಯ ಹತ್ತಿರ ಕೈಕಟ್ಟಿ ನಿಂತಿದ್ದ ಇನ್‌ಸ್ಪೆಕ್ಟರ್ ಮೇಡಂ ಗಡಿಯಾರ ನೋಡಿದರು. "ಅರ್ಧ ಗಂಟೆ ಕೊಟ್ಟಿದ್ದೀನಿ. ಐದು ನಿಮಿಷ ಜಗಳಕ್ಕೇ ಹೋಯ್ತು. ಮುಂದಕ್ಕೆ ಹೇಳಮ್ಮ."

ಒಳಗೆ ಬಿಡುವ ಮೊದಲು ಅವರು ಅವಳಿಂದ ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡಿದ್ದರು. ಆರೋಪಿ ತನ್ನ ಸಂಬಂಧಿ ಎಂಬುದು ನಿಜ, ಆದರೂ ಕಂಡದ್ದನ್ನು ಕಂಡ ಹಾಗೇ ಹೇಳುತ್ತೇನೆ, ಏನನ್ನೂ ಮುಚ್ಚಿಡುವುದಿಲ್ಲ ಎಂದು ಅದರಲ್ಲಿತ್ತು. ಸ್ಕ್ರೂ ಅಕ್ಕ ಓದದೆಯೇ ರುಜು ಹಾಕಿದ್ದಳು. ಮುಚ್ಚಿಡುವ ಕೆಲಸ ಕಳ್ಳರದ್ದು, ತನಗೇನು ದಾಡಿ ಎಂಬ ಧೈರ್ಯ.

ನಲವತ್ತೈದು ದಾಟಿದ ಹೆಂಗಸು. ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷವಾಗಿತ್ತು. ತುರುಬಿನಲ್ಲಿ ಹೂವಿನ ಬದಲು ಒಂದು ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದಳು, ಮದುವೆಮನೆಗೆ ಹೋದರೂ ಅದು ಅಲ್ಲೇ ಇರುತ್ತಿತ್ತು. ಹೆತ್ತವರು ಇಟ್ಟ ಹೆಸರು ಈಗ ಅಂಗಡಿಯ ಪರವಾನಗಿಯ ಮೇಲೆ ಮಾತ್ರ ಉಳಿದಿದೆ.

ಹೆತ್ತವರು ಬೇಗ ಹೋದರು. ಅವಳನ್ನೂ ಅವಳ ತಮ್ಮನನ್ನೂ ಸಾಕಿದ್ದು ಚಿಕ್ಕಪ್ಪ. ಮದುವೆಯ ಮಾತು ಬಂದಾಗಲೆಲ್ಲ, "ನನಗಾಗಲೇ ಎರಡು ಮಕ್ಕಳಿದ್ದಾರೆ, ಯಾವಳು ಒಪ್ತಾಳೆ?" ಎಂದು ನಕ್ಕುಬಿಡುತ್ತಿದ್ದ ಮನುಷ್ಯ. ಅಂಥವರ ತಲೆಯ ಮೇಲೆ ಗೂಬೆ ಕೂರಿಸಿ ಆರು ದಿನ ಕಂಬಿಯ ಹಿಂದೆ ಕೂರಿಸಿದ್ದಾರೆ ಎಂದು ನೆನೆದರೆ ಅವಳ ಮೈಯೆಲ್ಲ ಉರಿಯುತ್ತಿತ್ತು.

"ಓದ್ತೀನಿ ಕೇಳಿ ಮೇಡಂ," ಎಂದು ವರದಿ ಎತ್ತಿಕೊಂಡಳು. "ಒಂದನೇ ಸಾಲು: 'ಕ್ಯಾಮೆರಾ ಆಟಿಕೆ ಮಟ್ಟದ್ದು, ಹೆಚ್ಚಿನ ಪರಿಶೀಲನೆ ಅನಗತ್ಯ.' ಎರಡನೇದು: 'ಇಪ್ಪತ್ತಮೂರನೇ ಚಿತ್ರ ಬಯಲಾದ ಪ್ರಶ್ನೆಪತ್ರಿಕೆಯದ್ದು.' ಮೂರನೇದು ಕೇಳಿ: 'ಸದರಿ ಚಿತ್ರ ಅಲುಗಿದ್ದು, ತೆಗೆದವರ ಕೈ ನಡುಗುತ್ತಿದ್ದುದು ಕಂಡುಬರುತ್ತದೆ. ಆರೋಪಿಯ ವಯಸ್ಸಿಗೆ ಇದು ಹೊಂದುತ್ತದೆ.' ಹೊಂದುತ್ತದಂತೆ. ಅಂಗಿ ಅಳತೆ ತಗೊಳ್ಳೋ ಥರ ಬರೆದಿದ್ದಾರೆ."

ಇನ್‌ಸ್ಪೆಕ್ಟರ್ ನಗಲಿಲ್ಲ. ಆದರೆ ಕಿಟಕಿ ಬಿಟ್ಟು ಕುರ್ಚಿಗೆ ಬಂದು ಕೂತರು.

ಪೊಲೀಸರ ಲೆಕ್ಕ ಸರಳವಾಗಿತ್ತು. ಚಿಕ್ಕಪ್ಪ ಮೂವತ್ತೆರಡು ವರ್ಷ ದುಡಿದದ್ದು ಪ್ರಶ್ನೆಪತ್ರಿಕೆ ಅಚ್ಚಾಗುವ ಮುದ್ರಣಾಲಯದಲ್ಲಿ, ಪುಟಗಳ ಚಿತ್ರ ತೆಗೆದು ಅಚ್ಚಿಗೆ ಅಣಿಮಾಡುವ ಕೋಣೆಯಲ್ಲಿ. ಹೋದ ಶನಿವಾರದ ಹಿಂದಿನ ಶನಿವಾರ ನಿವೃತ್ತರಾದರು. ಜೊತೆಯವರೆಲ್ಲ ಸೇರಿ ಈ ಕ್ಯಾಮೆರಾ ಉಡುಗೊರೆ ಕೊಟ್ಟರು. ಹೊರಡುವಾಗ ಅವರು ಒಂದು ಹಾಳೆಯನ್ನು ಬಟ್ಟೆಯೊಳಗೆ ಮಡಚಿಟ್ಟುಕೊಂಡು ಬಂದರು, ಮನೆಯಲ್ಲಿ ಚಿತ್ರ ತೆಗೆದರು, ಹಂಚಿದರು. ಹದಿನೆಂಟು ಸಾವಿರ ಮಕ್ಕಳು ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಮುಗೀತು ಕತೆ.

ಹದಿನೆಂಟು ಸಾವಿರ ಮಕ್ಕಳ ಹೊಟ್ಟೆಯುರಿ ಅವಳಿಗೂ ಗೊತ್ತಿತ್ತು. ಹಾಗಂತ ಸಿಕ್ಕಿದ ಮುದುಕನನ್ನು ಹಿಡಿದು ಕೈತೊಳೆದುಕೊಳ್ಳುವುದೇ?

ಅವಳು ಕೈಚೀಲದಿಂದ ಇನ್ನೊಂದು ಕ್ಯಾಮೆರಾ ತೆಗೆದು ಮೇಜಿನ ಮೇಲೆ, ಮೊಹರು ಹಾಕಿದ ಲಕೋಟೆಯ ಪಕ್ಕದಲ್ಲಿ ಇಟ್ಟಳು. ಎರಡೂ ಒಂದೇ ಅಚ್ಚು. ಕಪ್ಪು ಚರ್ಮದ ಹೊದಿಕೆ, ಬೆಳ್ಳಿಬಣ್ಣದ ತಲೆ, ಬಲಗಡೆ ಹೆಬ್ಬೆರಳಿಗೆ ಸಿಗುವ ಸಣ್ಣ ಲಿವರ್. ನೋಡಿದರೆ ಅಜ್ಜನ ಪೆಟ್ಟಿಗೆಯಿಂದ ಎತ್ತಿಕೊಂಡು ಬಂದ ಹಾಗಿತ್ತು.

"ಅಂಗಡಿಯವನ ಕಾಲು ಹಿಡಿದು ನಾಲ್ಕು ದಿನಕ್ಕೆ ಎರವಲು ತಂದೆ. ನಾಲ್ಕು ದಿನ ಇದರ ಜೊತೆಗೇ ಇದ್ದೆ. ಬಿಚ್ಚಿದೆ, ಜೋಡಿಸಿದೆ, ಬಿಸಿಲಲ್ಲಿ, ನೆರಳಲ್ಲಿ, ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಕಡೆ ನೂರಾ ಎಂಬತ್ತು ಚಿತ್ರ ತೆಗೆದೆ. ಪರೀಕ್ಷೆ ಮಾಡೋದು ಅಂದ್ರೆ ಇದು ಸಾರ್."

ಮೊದಲ ದಿನ ಅವಳಿಗೂ ಈ ಕ್ಯಾಮೆರಾ ಕಂಡರೆ ಅಸಡ್ಡೆಯೇ. ಚರ್ಮ ಚರ್ಮವಲ್ಲ, ರಬ್ಬರು. ಕ್ಲಿಕ್ ಎನ್ನುವ ಸದ್ದು ಶಟರಿನದಲ್ಲ, ಒಳಗಿನ ಕಡಲೆಕಾಳಿನಷ್ಟು ಸ್ಪೀಕರಿನದ್ದು. ಚಿತ್ರದ ನಡುಭಾಗ ಚೊಕ್ಕ, ಮೂಲೆಗಳು ಮಂಕು. ಹೊರಗೆ ಅಜ್ಜ, ಒಳಗೆ ಮೊಮ್ಮಗ ಎಂದು ಬೈದುಕೊಂಡೇ ಬಿಚ್ಚತೊಡಗಿದ್ದಳು.

ಹನ್ನೊಂದು ಸ್ಕ್ರೂ ಇದ್ದವು. ಬಿಚ್ಚಿದ ಕ್ರಮದಲ್ಲೇ ಮೇಜಿನ ಅಂಚಿನ ಗುಳಿಗಳಲ್ಲಿ ಇಡುತ್ತಾ ಹೋದಳು. ಒಂದು ಗುಳಿಗೆ ಒಂದೇ ಸ್ಕ್ರೂ. ಅದು ಚಿಕ್ಕಪ್ಪ ಹೇಳಿಕೊಟ್ಟ ಪದ್ಧತಿ. ಅಂಗಡಿ ಶುರುವಾದಾಗ ಮರದ ಹಲಗೆಗೆ ಕೈಬೈರಿಗೆಯಲ್ಲಿ ಇಪ್ಪತ್ತನಾಲ್ಕು ಗುಳಿ ಸಾಲಾಗಿ ಕೊರೆದುಕೊಟ್ಟವರೂ ಅವರೇ. ಒಂಬತ್ತು ಮತ್ತು ಹತ್ತನೆಯದರ ಮಧ್ಯೆ, ಸಾಲು ತಪ್ಪಿ ಕೆಳಗೆ ಜಾರಿದ ಇನ್ನೊಂದು ಗುಳಿ ಇದೆ. ಆಗ ಹತ್ತು ವರ್ಷದವನಿದ್ದ ತಮ್ಮ, ತಾನೂ ಕೊರೆಯುತ್ತೇನೆಂದು ಹಟ ಹಿಡಿದು ಮಾಡಿದ್ದು. ಚಿಕ್ಕಪ್ಪ ಬೈಯಲಿಲ್ಲ. "ಇರಲಿ ಬಿಡೋ, ಇದು ನಿನ್ನ ಗುಳಿ," ಎಂದರು. ಇವತ್ತಿಗೂ ಅವಳು ಅದರಲ್ಲಿ ಏನೂ ಇಡುವುದಿಲ್ಲ.

ಆ ತಮ್ಮನೇ ಇವತ್ತು ಅವಳನ್ನು ಸ್ಕೂಟರಿನಲ್ಲಿ ಕರೆತಂದದ್ದು. ಅವನಿಗೆ ಅದೇ ಮುದ್ರಣಾಲಯದ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ, ಅದೂ ಚಿಕ್ಕಪ್ಪ ಕೊಡಿಸಿದ್ದೇ. ಸೋಮವಾರ ವಾರದ ರಜೆ. ಎಂದಿನಂತೆ ಅಕ್ಕನ ಅಂಗಡಿ ನೋಡಿಕೊಳ್ಳಬೇಕಾಗಿದ್ದವನು ಈಗ ಹೊರಗಿನ ಬೆಂಚಿನ ಮೇಲೆ ಅವಳ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ.

"ನಾಲ್ಕು ದಿನದಲ್ಲಿ ಏನು ಕಂಡುಹಿಡಿದ್ರಿ?" ಎಂದರು ಇನ್‌ಸ್ಪೆಕ್ಟರ್.

"ಎರಡು ವಿಷಯ. ಮೊದಲನೇದಕ್ಕೆ ಸಾಹೇಬರೇ ಉತ್ತರ ಹೇಳಲಿ." ತಜ್ಞರ ಕಡೆ ತಿರುಗಿದಳು. "ಕ್ಯಾಮೆರಾ ನಿಮ್ಮ ಕೈಗೆ ಬಂದಾಗ ಎಷ್ಟು ಚಿತ್ರ ಆಗಿತ್ತು?"

"ಇಪ್ಪತ್ತಮೂರು. ವರದಿಯಲ್ಲೇ ಇದೆಯಲ್ಲ."

"ಹಿಂದುಗಡೆ ಪರದೆ ಇಲ್ಲ. ಚಿತ್ರ ಹೇಗೆ ನೋಡಿದ್ರಿ?"

ತಜ್ಞರು ಕನ್ನಡಕ ಸರಿಮಾಡಿಕೊಂಡರು. "ಕಂಪ್ಯೂಟರಿಗೆ ಜೋಡಿಸಿದೆ. ಏನೂ ಬರಲಿಲ್ಲ. ಕಾರ್ಡ್ ತೆಗೆದು ಹಾಕಿದೆ. ಆಗಲೂ ಖಾಲಿ. ಕೆಟ್ಟಿರಬಹುದು ಅಂತ ಸುಮ್ಮನೆ ಒತ್ತುತ್ತಾ, ಲಿವರ್ ಎಳೆಯುತ್ತಾ ಹೋದೆ. ಮೂವತ್ತಾರು ಆದಮೇಲೆ ಎಲ್ಲಾ ಚಿತ್ರ ಒಟ್ಟಿಗೇ ಬಂತು."

"ಯಾವತ್ತು?"

"ಶುಕ್ರವಾರ ಮಧ್ಯಾಹ್ನ."

"ಕೇಳಿಸ್ಕೊಂಡ್ರಾ ಮೇಡಂ? ಇದರಲ್ಲಿ ಹಳೇ ರೀಲಿನ ಪದ್ಧತಿ ಅಂತ ಒಂದಿದೆ. ಒಂದು ಸಲ ಶುರುಮಾಡಿದ್ರೆ ಮೂವತ್ತಾರು ಚಿತ್ರ ಮುಗಿಯೋವರೆಗೆ ಒಂದನ್ನೂ ತೋರಿಸಲ್ಲ. ಗಂಟು ಬಿಚ್ಚೋದೇ ಇಲ್ಲ. ತೆಗೆದವರಿಗೂ ಕಾಣಲ್ಲ, ಬೇರೆಯವರಿಗೂ ಕಾಣಲ್ಲ. ನಾನು ಐದು ಸಲ ಮಾಡಿ ನೋಡಿದೆ. ಇವರು ಶುಕ್ರವಾರ ಹದಿಮೂರು ಚಿತ್ರ ಸೇರಿಸಿ ಬಿಚ್ಚಿದ್ರು. ಪ್ರಶ್ನೆಪತ್ರಿಕೆ ಫೋನುಗಳಲ್ಲಿ ಓಡಾಡಿದ್ದು ಯಾವತ್ತು?"

ಇನ್‌ಸ್ಪೆಕ್ಟರ್ ನಿಧಾನವಾಗಿ ಹೇಳಿದರು: "ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ."

"ಮಂಗಳವಾರ ಈ ಚಿತ್ರ ಇನ್ನೂ ಹೊಟ್ಟೆಯೊಳಗೇ ಇತ್ತು. ಹೊರಗೆ ಬರೋಕೆ ದಾರಿಯೇ ಇರಲಿಲ್ಲ. ಹಂಚಿದ್ದು ಬೇರೆ ಚಿತ್ರ, ಬೇರೆ ಯಾವುದೋ ಫೋನಿಂದು. ಇದನ್ನ ಇಟ್ಕೊಂಡು ಕೂತಿದ್ದ ತಜ್ಞರಿಗೆ ಗೊತ್ತಾಗಬೇಕಿತ್ತೋ ಇಲ್ವೋ?"

ತಜ್ಞರ ಹಿಂದಿನ ಗೋಡೆಯ ಮೇಲೆ ಹತ್ತೊಂಬತ್ತು ಪ್ರಮಾಣಪತ್ರಗಳು ಗಾಜು ಹಾಕಿಸಿಕೊಂಡು ತೂಗುತ್ತಿದ್ದವು. ಅವುಗಳಲ್ಲಿ ಒಂದೂ ಈಗ ಅವರ ನೆರವಿಗೆ ಬರಲಿಲ್ಲ.

"ಒಪ್ಪಿದೆ," ಎಂದರು ಇನ್‌ಸ್ಪೆಕ್ಟರ್. "ಹಂಚಿದ ಚಿತ್ರ ಇದಲ್ಲ. ಆದರೆ ಹಾಳೆ ಅದೇ. ಮೇಲಿನ ಮೂಲೆ ಹರಿದಿರೋದು ಎರಡರಲ್ಲೂ ಒಂದೇ ಥರ ಇದೆ, ನಾನೇ ನೋಡಿದ್ದೀನಿ. ಅಂದ್ರೆ ಆ ಹಾಳೆ ಈ ಕ್ಯಾಮೆರಾದ ಮುಂದೆ ಇತ್ತು. ನಿಮ್ಮ ಚಿಕ್ಕಪ್ಪ ಆರು ದಿನದಲ್ಲಿ ಬಾಯಿ ಬಿಟ್ಟಿದ್ದು ಒಂದೇ ಸಲ. ಏನಂದ್ರು ಗೊತ್ತಾ? 'ಆ ಕ್ಯಾಮೆರಾ ನನ್ನ ಕೈ ಬಿಟ್ಟು ಎಲ್ಲೂ ಹೋಗಿಲ್ಲ.' ಬರೆಸಿ ರುಜುನೂ ಹಾಕಿದ್ದಾರೆ. ನಾನೇನು ಮಾಡ್ಲಿ?"

ಸ್ಕ್ರೂ ಅಕ್ಕ ವರದಿಯನ್ನು ಮೇಜಿನ ಮೇಲಿಟ್ಟಳು.

ಎಲ್ಲೂ ಹೋಗಿಲ್ಲ ಎಂದರೆ? ಹೋದ ಸೋಮವಾರ ಬೆಳಿಗ್ಗೆ ಚಿಕ್ಕಪ್ಪ ಕ್ಯಾಮೆರಾ ತಂದು ಅವಳ ಅಂಗಡಿಯಲ್ಲಿ ಕೊಟ್ಟಿದ್ದರು. ಪಟ್ಟಿ ಸಿಕ್ಕಿಸುವ ಬಳೆ ಸಡಿಲವಾಗಿತ್ತು. ಸಂಜೆ ಬಂದು ತೆಗೆದುಕೊಂಡು ಹೋದರು. ಪಾಪ, ಪೊಲೀಸರ ಗದರಿಕೆಗೆ ಮರೆತಿರಬೇಕು.

ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಈಗ ಹಿಡಿತಕ್ಕೆ ಬರುತ್ತಿರುವ ಮಾತು ಬೇರೆ ಕಡೆಗೆ ಹರಿದುಹೋಗುತ್ತದೆ. ಅಲ್ಲದೆ ತನ್ನ ಅಂಗಡಿ ಎಂದರೆ ಚಿಕ್ಕಪ್ಪನ ಕೈ ಇದ್ದ ಹಾಗೇ ತಾನೆ? ಅದೇನು ಬೇರೆಯವರ ಜಾಗವೇ? ಆಮೇಲೆ ನೋಡಿದರಾಯಿತು ಎಂದು ಆ ಮಾತನ್ನು ನುಂಗಿಕೊಂಡಳು.

"ಎರಡನೇ ವಿಷಯ ಹೇಳ್ತೀನಿ," ಎಂದಳು. "ಇಪ್ಪತ್ತಮೂರನೇದನ್ನ ಪರದೆ ಮೇಲೆ ಹಾಕಿಸಿ."

ತಜ್ಞರು ಮುಖ ಗಂಟಿಕ್ಕಿಕೊಂಡೇ ಹಾಕಿದರು. ಮಡಿಕೆ ಬಿದ್ದ ಹಾಳೆ. ಪ್ರತಿ ಸಾಲೂ ಜೋಡಿಯಾಗಿ, ಒಂದರ ಮೇಲೊಂದು ಕೂತ ಹಾಗೆ ಕಾಣುತ್ತಿತ್ತು.

"ನೋಡಿ, ಅಲುಗಿದೆ," ಎಂದರು ತಜ್ಞರು.

"ಈಗ ಮುಂದಿನದ್ದು. ಇಪ್ಪತ್ತನಾಲ್ಕು. ಅದು ನೀವೇ ತೆಗೆದದ್ದಲ್ವಾ?"

ಪರದೆಯ ಮೇಲೆ ತಜ್ಞರದ್ದೇ ಟೀ ಲೋಟ ಬಂತು. ಒಂದಲ್ಲ, ಮೂರು ಲೋಟ, ಒಂದರೊಳಗೊಂದು ತೂರಿಕೊಂಡು ನಿಂತಿದ್ದವು.

"ಸಾಹೇಬರ ವಯಸ್ಸೆಷ್ಟು?" ಎಂದು ಅವಳು ಬಲು ವಿನಯದಿಂದ ಕೇಳಿದಳು.

"ಮೂವತ್ತೊಂಬತ್ತು. ಯಾಕೆ?"

"ಕೈ ಇಷ್ಟು ನಡುಗ್ತಾ ಇದೆಯಲ್ಲ, ಅದಕ್ಕೆ ಕೇಳ್ದೆ."

ಈ ಸಲ ಇನ್‌ಸ್ಪೆಕ್ಟರ್ ಮೇಡಂ ಕೆಮ್ಮಿನ ನೆಪದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದರು. ತಜ್ಞರ ಕಿವಿ ಕೆಂಪೇರಿತು. ಸ್ಕ್ರೂ ಅಕ್ಕ ತಾನು ತಂದ ಕ್ಯಾಮೆರಾವನ್ನು ಇನ್‌ಸ್ಪೆಕ್ಟರ ಕೈಗೆ ಕೊಟ್ಟಳು.

"ಆ ಗಡಿಯಾರದ ಚಿತ್ರ ತೆಗೀರಿ ಮೇಡಂ. ಸರಿಯಾಗಿ ಬಂತೋ ಇಲ್ವೋ ಅಂತ ಅನುಮಾನ ಅನ್ಕೊಳ್ಳಿ. ಏನು ಮಾಡ್ತೀರಿ?"

"ಇನ್ನೊಂದು ತೆಗೀತೀನಿ." ಇನ್‌ಸ್ಪೆಕ್ಟರ್ ಮತ್ತೆ ಗುಂಡಿ ಒತ್ತಿದರು.

"ಕ್ಯಾಮೆರಾ ಮೇಲ್ಗಡೆ ಚಿತ್ರ ಎಣಿಸೋ ಮುಳ್ಳು ನೋಡಿ. ಎಷ್ಟು ತೋರಿಸ್ತಾ ಇದೆ?"

"ಹತ್ತು. ಮೊದಲೂ ಹತ್ತೇ ಇತ್ತಲ್ಲ?"

"ಲಿವರ್ ಎಳೀಲಿಲ್ಲ, ಅದಕ್ಕೆ. ಹಳೇ ಕಾಲದ ಕ್ಯಾಮೆರಾದಲ್ಲಿ ಒಂದು ಚಿತ್ರ ಆದಮೇಲೆ ಲಿವರ್ ಎಳೆದ್ರೆ ರೀಲು ಮುಂದಕ್ಕೆ ಹೋಗೋದು. ಎಳೀದೆ ಒತ್ತಿದ್ರೆ ಅದರ ಮೇಲೇ ಇನ್ನೊಂದು ಚಿತ್ರ ಬಿದ್ದು ಎರಡೂ ಹಾಳಾಗೋದು. ಈ ಪುಣ್ಯಾತ್ಮರು ಅದನ್ನೂ ಬಿಡದೆ ನಕಲು ಮಾಡಿದ್ದಾರೆ. ಕೈ ಅಲುಗಿದ್ರೆ ಅಂಚುಗಳು ಬಳಿದ ಹಾಗೆ ಹರಡಿಕೊಳ್ಳುತ್ತೆ. ಇಲ್ಲಿ ನೋಡಿ, ಎರಡು ಸಾಲಿದೆ, ಎರಡರ ಅಂಚೂ ಚಾಕುವಿನಿಂದ ಕತ್ತರಿಸಿದ ಹಾಗಿದೆ. ಇದು ನಡುಗಿದ ಚಿತ್ರ ಅಲ್ಲ. ಒಂದರ ಮೇಲೊಂದು ಬಿದ್ದ ಎರಡು ಚಿತ್ರ."

ಇನ್‌ಸ್ಪೆಕ್ಟರ್ ಎದ್ದು ಪರದೆಯ ಹತ್ತಿರ ಹೋದರು. ತುಂಬ ಹೊತ್ತು ನೋಡಿದರು.

"ಅಂದ್ರೆ ಇದನ್ನ ತೆಗೆದವರಿಗೆ ಲಿವರಿನ ಅಭ್ಯಾಸ ಇಲ್ಲ."

"ಇಲ್ಲ. ಫೋನಿನ ಅಭ್ಯಾಸ. ಒಂದು ಸಲ ಒತ್ತೋದು, ಅನುಮಾನಕ್ಕೆ ಇನ್ನೊಂದು ಸಲ ಒತ್ತೋದು. ಇದರಲ್ಲಿ ಏನೂ ಕಾಣದೇ ಹೋದಾಗ ಫೋನಲ್ಲೇ ತೆಗೆದಿರ್ತಾರೆ. ಚಿಕ್ಕಪ್ಪ ಹಾಗೆ ಮಾಡೋರಲ್ಲ ಮೇಡಂ. ಒತ್ತಿದ ಮರುಕ್ಷಣ ಅವರ ಹೆಬ್ಬೆರಳು ತಾನಾಗೇ ಎಳೆಯುತ್ತೆ. ನಲವತ್ತು ವರ್ಷದ ರೂಢಿ. ನನಗೂ ಹಾಗೇ ಕಲಿಸಿದ್ದು. ಮರೆತ್ರೆ ತಲೆ ಮೇಲೆ ಮೊಟಕೋರು. ಅವರ ಇಪ್ಪತ್ತೆರಡು ಚಿತ್ರ ನೋಡಿ. ಒಂದಾದ್ರೂ ಹೀಗಿದೆಯಾ?"

ಇನ್‌ಸ್ಪೆಕ್ಟರ್ ಒಂದೊಂದಾಗಿ ನೋಡಿದರು. ಬೀಳ್ಕೊಡುಗೆಯ ದಿನದ ನಗುಮುಖಗಳು, ಮುದ್ರಣಾಲಯದ ಗೇಟು, ಮನೆಯ ಗೋಡೆಯ ಮೇಲೊಂದು ಬೆಕ್ಕು, ಭಾನುವಾರದ ಊಟಕ್ಕೆ ಕೂತ ಅಕ್ಕ ತಮ್ಮ. ಎಲ್ಲವೂ ಒಂಟಿ, ಎಲ್ಲವೂ ಚೊಕ್ಕ.

ಬೆಕ್ಕಿನ ಚಿತ್ರ ಬಂದಾಗ ಸ್ಕ್ರೂ ಅಕ್ಕ ಕಣ್ಣು ಬೇರೆ ಕಡೆ ತಿರುಗಿಸಿದಳು. ಆರು ದಿನದಿಂದ ಆ ಬೆಕ್ಕಿಗೆ ಹಾಲಿಡುತ್ತಿದ್ದವಳು ಅವಳೇ. ಆದರೆ ಅಳುವ ಹೊತ್ತಲ್ಲ ಇದು, ಬೈಯುವ ಹೊತ್ತು.

"ಇಂಥ ಕೈಯನ್ನ ನಡುಗುತ್ತೆ ಅಂತ ಬರೆದ್ರಲ್ಲ," ಎಂದಳು. "ಆ ಕೈ ಅಣಿಮಾಡಿದ ಪುಟದಲ್ಲೇ ನೀವು ಪರೀಕ್ಷೆ ಬರೆದು ಪಾಸಾಗಿ ಈ ಗೋಡೆ ತುಂಬಿಸ್ಕೊಂಡಿರೋದು. ನೋಡದೇ ಬರೆಯೋದಕ್ಕೆ ನಿಮ್ಮ ಮನಸ್ಸಾದ್ರೂ ಹೇಗೆ ಬಂತು?"

"ನನಗೆ ಒಂದೇ ದಿನ ಕೊಟ್ಟಿದ್ರು," ಎಂದರು ತಜ್ಞರು, ಮೊದಲ ಸಲ ತಗ್ಗಿದ ದನಿಯಲ್ಲಿ. "ಮೇಲಿನವರು ಅವಸರ ಮಾಡ್ತಿದ್ರು."

"ಒಂದು ದಿನ ಸಾಲದು ಅಂತ ಬರೀಬೇಕಿತ್ತು. ಅದಕ್ಕೂ ಒಂದೇ ಸಾಲು ಸಾಕಾಗ್ತಿತ್ತು."

ತಜ್ಞರು ವರದಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಮಡಚಿಟ್ಟರು. ಅವಳಿಗೆ ಅವರ ಮೇಲೆ ಕನಿಕರ ಬರಬೇಕಾಗಿತ್ತೇನೋ. ಬರಲಿಲ್ಲ.

"ಲಿವರ್ ಮರೆಯೋದು ಯಾರಿಗಾದ್ರೂ ಒಂದು ಸಲ ಆಗಬಹುದು ಅಂತಾರೆ ಸರ್ಕಾರಿ ವಕೀಲರು," ಎಂದರು ಇನ್‌ಸ್ಪೆಕ್ಟರ್. "ಇದರ ಮೇಲೇ ನಾಳೆ ಅವರನ್ನ ಬಿಡಿಸೋಕಾಗಲ್ಲಮ್ಮ. ಇನ್ನೇನಾದ್ರೂ ಇದೆಯಾ?"

"ಇದೆ." ಇದಕ್ಕಾಗಿಯೇ ಅವಳು ಬಂದದ್ದು. "ಎರಡು ಚಿತ್ರ ಅಂದೆನಲ್ಲ, ಎರಡೂ ಒಂದೇ ದೂರದಿಂದ ತೆಗೆದದ್ದಲ್ಲ. ಒಂದರಲ್ಲಿ ಬರೀ ಹಾಳೆ ಇದೆ. ಇನ್ನೊಂದು ಸ್ವಲ್ಪ ಹಿಂದಕ್ಕೆ ಸರಿದು ತೆಗೆದದ್ದು. ಅಕ್ಷರದ ಗಾತ್ರದಲ್ಲೇ ಗೊತ್ತಾಗುತ್ತೆ. ಹಿಂದಕ್ಕೆ ಸರಿದ್ರೆ ಹಾಳೆಯ ಆಚೆ ಏನಿದೆಯೋ ಅದೂ ಬಿದ್ದಿರಬೇಕು. ನೀವು ನನಗೆ ಕೊಟ್ಟಿದ್ದು ಕಾಗದದ ಮೇಲೆ ತೆಗೆದ ಮಸುಕು ನಕಲು. ಅದರಲ್ಲಿ ಕೆಳಗಿನ ಅಂಚು ಬರೀ ಕಪ್ಪು. ಮೂಲ ಚಿತ್ರದಲ್ಲಿ ಇರುತ್ತೆ."

"ಏನಿರುತ್ತೆ?"

"ಮೇಜು. ಚಿಕ್ಕಪ್ಪನ ಮನೇಲಿರೋದು ಒಂದೇ ಒಂದು ಮೇಜು. ಅದರ ಮೇಲೆ ಕೆಂಪು ಚೌಕಳಿಯ ಪ್ಲಾಸ್ಟಿಕ್ ಹಾಸಿದೆ, ನಿಮ್ಮವರೇ ಮನೆ ಜಾಲಾಡಿದಾಗ ಬರ್ಕೊಂಡಿದ್ದಾರೆ. ಇಲ್ಲಿ ಬೇರೆ ಮೇಜು ಕಂಡ್ರೆ ಚಿತ್ರ ಅವರ ಮನೇದಲ್ಲ ಅಂತಾಯ್ತು. ಆ ಮೇಜು ಎಲ್ಲಿದೆ ಅಂತ ಹುಡುಕಿ, ಕಳ್ಳ ಅದರ ಪಕ್ಕದಲ್ಲೇ ಕೂತಿರ್ತಾನೆ."

ಇನ್‌ಸ್ಪೆಕ್ಟರ್ ತಜ್ಞರ ಕಡೆ ನೋಡಿದರು. ತಜ್ಞರಿಗೂ ತನ್ನ ಮಾನ ಉಳಿಸಿಕೊಳ್ಳುವ ದಾರಿಯೊಂದು ಕಂಡಿತೇನೋ, ಈ ಸಲ ಗೊಣಗದೆ ಕುರ್ಚಿ ಎಳೆದುಕೊಂಡರು. ಚಿತ್ರದ ಕೆಳಗಿನ ಪಟ್ಟಿಯನ್ನು ಮಾತ್ರ ಕತ್ತರಿಸಿ ತೆಗೆದರು. ಬೆಳಕು ಏರಿಸಿದರು. ಮತ್ತೂ ಏರಿಸಿದರು.

ಕಪ್ಪು ಬೂದುಬಣ್ಣವಾಯಿತು, ಬೂದು ಕಂದುಬಣ್ಣಕ್ಕೆ ತಿರುಗಿತು.

"ಮರ," ಎಂದರು ತಜ್ಞರು. "ಪ್ಲಾಸ್ಟಿಕ್ ಹಾಸಿಲ್ಲ. ಬರೀ ಮರ."

"ನಾನು ಹೇಳಲಿಲ್ವಾ?" ಸ್ಕ್ರೂ ಅಕ್ಕನ ದನಿ ಗೆದ್ದವರ ದನಿ. "ಇನ್ನೂ ದೊಡ್ಡದು ಮಾಡಿ ಸಾರ್. ಬಿಡಬೇಡಿ."

ತಜ್ಞರು ದೊಡ್ಡದು ಮಾಡಿದರು. ಮರದ ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಮೂಡಿದವು. ಒಂದರ ಪಕ್ಕ ಒಂದು, ಅಳೆದಿಟ್ಟ ಹಾಗೆ.

"ಮೊಳೆ ಹೊಡೆದಿದ್ದಾರಾ?" ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು.

"ಅಲ್ಲ ಮೇಡಂ. ತೂತು. ಸಾಲಾಗಿ ಕೊರೆದಿದ್ದಾರೆ. ಒಂದು, ಎರಡು, ಮೂರು..." ತಜ್ಞರು ಬೆರಳಿಟ್ಟು ಎಣಿಸತೊಡಗಿದರು. "ಎಂಟು, ಒಂಬತ್ತು. ಇಲ್ಲೊಂದು ಸಾಲು ತಪ್ಪಿ ಕೆಳಗೆ ಬಂದಿದೆ ನೋಡಿ. ಆಮೇಲೆ ಮತ್ತೆ ನೆಟ್ಟಗೆ ಹೋಗುತ್ತೆ."

ಸ್ಕ್ರೂ ಅಕ್ಕ ಮೊದಲಿನಿಂದ ತಾನೇ ಒಮ್ಮೆ ಎಣಿಸಿದಳು.

ಬೆಳಿಗ್ಗೆಯಿಂದ ಒಳಗೆ ಧಗಧಗಿಸುತ್ತಿದ್ದ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಕೈ ತಾನಾಗಿ ತುರುಬಿನ ಸ್ಕ್ರೂಡ್ರೈವರ್ ಮುಟ್ಟಿ ನೋಡಿಕೊಂಡಿತು. ಕುರ್ಚಿ ಹುಡುಕಿ ಕೂತಳು.

ಹೋದ ಸೋಮವಾರದ ಸಂಜೆ ಕಣ್ಣೆದುರಿಗೆ ಬಂತು. ಬೆಳಿಗ್ಗೆಯೇ ಬಳೆ ಬಿಗಿಮಾಡಿಟ್ಟು, ಬಿಡಿಭಾಗ ತರಲು ಪಕ್ಕದೂರಿನ ಸಗಟು ಪೇಟೆಗೆ ಹೋದವಳು ಸಂಜೆ ಐದಕ್ಕೆ ವಾಪಸಾಗಿ ಒಂದು ಲೆನ್ಸಿನೊಳಗೆ ತಲೆ ಹುದುಗಿಸಿ ಕೂತಿದ್ದಳು. ಚಿಕ್ಕಪ್ಪ ಬಂದು ಕ್ಯಾಮೆರಾ ಎತ್ತಿಕೊಂಡರು. ಹೆಬ್ಬೆರಳು ಲಿವರಿಗೆ ಹೋಯಿತು. ಕರ್ರ್ ಎಂದು ಮುಳ್ಳು ಒಂದು ಮನೆ ಮುಂದಕ್ಕೆ ಸರಿಯಿತು.

"ಏನೇ ಇದು? ಒಂದು ಹೊಡೆದು ಲಿವರ್ ಎಳೀದೇ ಬಿಟ್ಟಿದ್ದೀಯಲ್ಲ. ನಾನು ಕಲಿಸಿದ್ದು ಇದೇನಾ?" ಎಂದು ಚಿಕ್ಕಪ್ಪ ನಗುತ್ತಾ ಕೇಳಿದ್ದರು.

ಅವಳು ತಲೆ ಎತ್ತಿರಲಿಲ್ಲ. ಗಮನವಿಟ್ಟು ಕೇಳಿಸಿಕೊಂಡೂ ಇರಲಿಲ್ಲ. "ಹೂಂ ಚಿಕ್ಕಪ್ಪ, ಮರೆತೆ," ಎಂದುಬಿಟ್ಟಿದ್ದಳು.

ಹೂಂ ಎಂದಿದ್ದಳು. ಬಾಯಾರೆ ಹೂಂ ಎಂದಿದ್ದಳು.

ಮರುದಿನ ಪ್ರಶ್ನೆಪತ್ರಿಕೆ ಬಯಲಾಯಿತು. ಶುಕ್ರವಾರ ಪೊಲೀಸರು ಇಪ್ಪತ್ತಮೂರನೇ ಚಿತ್ರ ತಂದು ಚಿಕ್ಕಪ್ಪನ ಮುಂದೆ ಹಿಡಿದರು. ಯಾರ ಕೈಯಿಂದ ಆ ಒಂದು ಚಿತ್ರ ಬಿತ್ತು ಎಂದು ಅವರಿಗೆ ಆಗಲೇ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡರು. ಮರೆತದ್ದಲ್ಲ ಅವರು. ಆ ಕ್ಯಾಮೆರಾ ನನ್ನ ಕೈ ಬಿಟ್ಟು ಎಲ್ಲೂ ಹೋಗಿಲ್ಲ ಎಂದು ಬರೆಸಿ, ನಡುಗದ ಕೈಯಲ್ಲಿ ರುಜು ಹಾಕಿ, ಬಾಯಿಗೆ ಬೀಗ ಹಾಕಿಕೊಂಡು ಕೂತರು. ಯಾರಿಗಾಗಿ? ತನಗಾಗಿ.

"ಈ ಮೇಜು ಎಲ್ಲಾದ್ರೂ ನೋಡಿದ ಹಾಗಿದೆಯಾಮ್ಮ?" ಇನ್‌ಸ್ಪೆಕ್ಟರ ದನಿ ದೂರದಿಂದ ಬಂದಂತೆ ಕೇಳಿಸಿತು.

ಇಲ್ಲ ಎಂದರೆ ಮುಗಿಯುತ್ತಿತ್ತು. ಊರಿನಲ್ಲಿ ಮರದ ಮೇಜುಗಳಿಗೇನು ಬರವೇ? ಆದರೆ ಇಲ್ಲ ಎಂದರೆ ನಾಳೆ ಚಿಕ್ಕಪ್ಪ ಕಟಕಟೆಯಲ್ಲಿ ನಿಲ್ಲುತ್ತಾರೆ. ಮೇಜಿನ ಮೇಲೆ ಅವಳು ಓದದೆ ರುಜು ಹಾಕಿದ ಕಾಗದ ಬಿದ್ದಿತ್ತು. ಸ್ವಲ್ಪ ಹೊತ್ತಿನ ಮುಂಚೆ ನುಂಗಿಕೊಂಡ ಮಾತು ನೆನಪಾಯಿತು. ನೋಡದೇ ಬರೆದರು ಎಂದು ಎದುರಿಗಿದ್ದವರನ್ನು ಅರ್ಧ ಗಂಟೆ ಹರಿದು ತಿಂದವಳು ಅವಳೇ.

"ನನ್ನದು," ಎಂದಳು.

"ಏನು?"

"ಆ ಮೇಜು ನನ್ನದು ಮೇಡಂ. ನನ್ನ ಅಂಗಡಿಯದ್ದು. ಹೋದ ಸೋಮವಾರ ಇಡೀ ದಿನ ಕ್ಯಾಮೆರಾ ಅಲ್ಲೇ ಇತ್ತು. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಚಿಕ್ಕಪ್ಪ ಸುಳ್ಳು ಬರೆಸಿದ್ದಾರೆ. ನಾನೇ ತೆಗೆದೆ ಅಂತ ತಿಳ್ಕೊಂಡು ನನ್ನ ಉಳಿಸೋಕೆ ಬರೆಸಿದ್ದಾರೆ."

ತಜ್ಞರು ಪರದೆ ಬಿಟ್ಟು ಅವಳ ಕಡೆ ತಿರುಗಿದರು. ಈಗ ಒಂದು ಚುಚ್ಚುಮಾತು ಆಡುವ ಹಕ್ಕು ಅವರಿಗಿತ್ತು. ಆಡಲಿಲ್ಲ. ನೀರಿನ ಲೋಟ ಅವಳ ಹತ್ತಿರ ಸರಿಸಿದರು.

"ನೀವು ತೆಗೆದ್ರಾ?" ಎಂದರು ಇನ್‌ಸ್ಪೆಕ್ಟರ್.

"ಇಲ್ಲ. ನಾನು ಊರಲ್ಲಿರಲಿಲ್ಲ. ಸಗಟು ಪೇಟೆಯ ರಸೀದಿ ಇದೆ."

"ಹಾಗಾದ್ರೆ ಸೋಮವಾರ ಅಂಗಡಿ ಯಾರು ನೋಡ್ಕೊಂಡ್ರು?"

ಬಾಗಿಲು ಕಿರ್ರೆಂದು ಅರ್ಧ ತೆರೆಯಿತು. ಊಟದ ಡಬ್ಬಿ ಹಿಡಿದ ತಮ್ಮ ತಲೆ ಒಳಗೆ ಹಾಕಿದ.

"ಅರ್ಧ ಗಂಟೆ ಆಗೋಯ್ತಲ್ಲಕ್ಕ. ಚಿಕ್ಕಪ್ಪನ್ನ ಬಿಡ್ತಾರಂತಾ?"

ಅವನ ಕಣ್ಣು ಪರದೆಯ ಮೇಲೆ ಬಿತ್ತು. ಗೋಡೆಯಷ್ಟು ದೊಡ್ಡದಾಗಿ ನಿಂತಿದ್ದ ಗುಳಿಗಳ ಸಾಲಿನಲ್ಲಿ, ಸಾಲು ತಪ್ಪಿದ ಆ ಒಂದನ್ನು ಅವನಿಗೆ ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಅವನು ಡಬ್ಬಿಯನ್ನು ನಿಧಾನವಾಗಿ ನೆಲದ ಮೇಲಿಟ್ಟ.

"ಒಳಗೆ ಬಾಪ್ಪ," ಎಂದರು ಇನ್‌ಸ್ಪೆಕ್ಟರ್. "ಬಾಗಿಲು ಹಾಕ್ಕೊಂಡು ಬಾ."

ಅವನು ಅವರ ಕಡೆ ನೋಡಲೇ ಇಲ್ಲ. ಅಕ್ಕನನ್ನೇ ನೋಡುತ್ತಿದ್ದ.

"ಅಕ್ಕ," ಎಂದ. "ಇದನ್ನ ಇವರಿಗೆ ತೋರಿಸಿದ್ದು ನೀನೇನಾ?"